ಅಂಡಾಶಯ ಮಿತಿಮೀರಿ ಕೆರಳದಂತೆ ನೋಡಿಕೊಳ್ಳುವುದು ಹೇಗೆ: ಐವಿಎಫ್‌ಗೆ ಹೊರಟವರಿಗೆ ಒಂದು ಕೈಪಿಡಿ

ಹೆಚ್ಚು ಅಂಡಾಣು ಸಿಗಲಿ ಎಂದು ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯಲ್ಲಿ ಕೊಡುವ ಹಾರ್ಮೋನ್ ಇಂಜೆಕ್ಷನ್‌ಗಳಿಗೆ ಕೆಲವರ ಅಂಡಾಶಯ ಬೇಕಾದ್ದಕ್ಕಿಂತ ಬಹಳ ಜೋರಾಗಿ ಸ್ಪಂದಿಸುತ್ತದೆ. ಅಂಡಾಶಯ ಉಬ್ಬುತ್ತದೆ, ಹೊಟ್ಟೆಯೊಳಗೆ ನೀರು ತುಂಬುತ್ತದೆ, ರಕ್ತ ಗಟ್ಟಿಯಾಗುತ್ತದೆ. ಇದನ್ನು ವೈದ್ಯರು ಓಎಚ್‌ಎಸ್‌ಎಸ್ ಎನ್ನುತ್ತಾರೆ. ಸೌಮ್ಯ ರೂಪದಲ್ಲಿ ಇದು ಐವಿಎಫ್ ಮಾಡಿಸಿಕೊಳ್ಳುವ ಮೂವರಲ್ಲಿ ಒಬ್ಬರಿಗೆ ಬರಬಹುದು. ಒಂದು ವಾರ ಹೊಟ್ಟೆ ಉಬ್ಬರಿಸಿಕೊಂಡಂತೆ ಇದ್ದು ತಾನಾಗಿಯೇ ಇಳಿದುಹೋಗುತ್ತದೆ. ಮಧ್ಯಮ ಮತ್ತು ತೀವ್ರ ರೂಪಗಳೇ ಚಿಂತೆಯ ವಿಷಯ. ಹಳೆಯ ಪದ್ಧತಿಯ ಚಿಕಿತ್ಸೆಯಲ್ಲಿ ಇವು ನೂರಕ್ಕೆ 3ರಿಂದ 8 ಸುತ್ತುಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ತೀವ್ರವಾದಾಗ ಮೂತ್ರಪಿಂಡ ಸೋಲಬಹುದು, ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೂ ಕುತ್ತು ಬರಬಹುದು.

ಇವತ್ತು ತೀವ್ರ ಓಎಚ್‌ಎಸ್‌ಎಸ್ ಬಹುಮಟ್ಟಿಗೆ ತಡೆಯಬಹುದಾದ ತೊಂದರೆ. ಅದನ್ನು ತಡೆಯುವುದು ಮೂರು ತೀರ್ಮಾನಗಳು: ಎಷ್ಟು ಡೋಸ್ ಕೊಡಬೇಕು, ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಯಾವುದಾಗಿರಬೇಕು, ಭ್ರೂಣವನ್ನು ಈಗಲೇ ಗರ್ಭಕೋಶಕ್ಕೆ ಬಿಡಬೇಕೇ ಅಥವಾ ಫ್ರೀಜ್ ಮಾಡಿಡಬೇಕೇ. ತೀರ್ಮಾನ ವೈದ್ಯರದ್ದೇ. ಆದರೆ ಈ ಮೂರನ್ನೂ ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಕೇಳಿ ತಿಳಿದುಕೊಳ್ಳುವ ಹಕ್ಕು ನಿಮ್ಮದು. ಟ್ರಿಗರ್ ಆದಮೇಲೆ ಕೇಳಿದರೆ ಉಳಿಯುವ ದಾರಿಗಳು ಬಹಳ ಕಡಿಮೆ.

ಒಳಗೆ ಏನಾಗುತ್ತದೆ

ದಿನನಿತ್ಯದ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಇಂಜೆಕ್ಷನ್ ಅಂಡಾಶಯದಲ್ಲಿ ಹಲವು ಫಾಲಿಕಲ್‌ಗಳನ್ನು ಒಟ್ಟಿಗೆ ಬೆಳೆಸುತ್ತದೆ. ಫಾಲಿಕಲ್ ಎಂದರೆ ಅಂಡಾಣು ಬೆಳೆಯುವ ನೀರಿನ ಗುಳ್ಳೆ. ಇಷ್ಟೇ ಆದರೆ ಸಾಮಾನ್ಯವಾಗಿ ಓಎಚ್‌ಎಸ್‌ಎಸ್ ಬರುವುದಿಲ್ಲ. ಅಂಡಾಣು ಪಕ್ವವಾಗಲು ಕೊಡುವ ಎಚ್‌ಸಿಜಿ ಎಂಬ ಟ್ರಿಗರ್ ಬಿದ್ದಾಗಲೇ ಬೆಂಕಿ ಹತ್ತುವುದು. ಎಚ್‌ಸಿಜಿ ತಾಗಿದ ಫಾಲಿಕಲ್‌ಗಳು ವಿಇಜಿಎಫ್ ಎಂಬ ವಸ್ತುವನ್ನು ಸುರಿಸುತ್ತವೆ; ಅದು ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆ. ರಕ್ತದಲ್ಲಿರಬೇಕಾದ ನೀರು ಮತ್ತು ಪ್ರೋಟೀನ್ ಹೊಟ್ಟೆಯ ಪೊರೆಯೊಳಕ್ಕೆ, ಕೆಲವೊಮ್ಮೆ ಶ್ವಾಸಕೋಶದ ಸುತ್ತಲೂ ಸೋರುತ್ತವೆ. ರಕ್ತನಾಳದಲ್ಲಿ ಉಳಿದದ್ದು ಗಟ್ಟಿ ರಕ್ತ. ಹಾಗಾಗಿ ದೇಹ ಏಕಕಾಲಕ್ಕೆ ಊದಿಕೊಂಡೂ ಇರುತ್ತದೆ, ಒಳಗಿನಿಂದ ಬತ್ತಿಯೂ ಇರುತ್ತದೆ. ಮೂತ್ರ ಕಡಿಮೆಯಾಗುವುದೂ ರಕ್ತ ಹೆಪ್ಪುಗಟ್ಟುವುದೂ ಇದರಿಂದಲೇ.

ಎಚ್‌ಸಿಜಿಯ ಇನ್ನೊಂದು ಗುಣ ಅದರ ಬಾಳಿಕೆ. ಸಹಜ ಋತುಚಕ್ರದಲ್ಲಿ ಅಂಡಾಣು ಬಿಡಿಸುವ ಎಲ್‌ಎಚ್ ಹಾರ್ಮೋನ್ ರಕ್ತದಲ್ಲಿ ಗಂಟೆಯ ಲೆಕ್ಕದಲ್ಲಿ ಕರಗುತ್ತದೆ. ಎಚ್‌ಸಿಜಿ ಅರ್ಧಕ್ಕಿಳಿಯಲು ಒಂದು ದಿನಕ್ಕೂ ಮಿಗಿಲು ಬೇಕು. ಅದರ ಪ್ರಭಾವ ವಾರದಾಚೆಗೂ ಉಳಿಯುತ್ತದೆ. ಬಸಿರು ನಿಂತರೆ ಭ್ರೂಣವೇ ಹೊಸ ಎಚ್‌ಸಿಜಿ ತಯಾರಿಸಲು ಶುರುಮಾಡುತ್ತದೆ. ಓಎಚ್‌ಎಸ್‌ಎಸ್‌ಗೆ ಎರಡು ಕಾಲ ಇರುವುದು ಇದಕ್ಕೇ. ಟ್ರಿಗರ್ ಆದ 9 ದಿನದೊಳಗೆ ಬರುವುದು ಮೊದಲನೆಯದು, ಇಂಜೆಕ್ಷನ್‌ನಿಂದ ಬಂದದ್ದು. 10 ದಿನದ ನಂತರ ಬರುವುದು ಎರಡನೆಯದು, ಬಸಿರಿನಿಂದ ಬಂದದ್ದು. ಎರಡನೆಯದು ಸಾಮಾನ್ಯವಾಗಿ ಹೆಚ್ಚು ಗಂಭೀರ, ಹೆಚ್ಚು ದಿನ ಎಳೆಯುತ್ತದೆ. ಈ ಎರಡು ಕಾಲಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಕ್ರಮ ಏಕೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಯಾರಿಗೆ ಅಪಾಯ ಹೆಚ್ಚು

ಚಿಕಿತ್ಸೆಗೆ ಮುಂಚಿನ ಎರಡು ಪರೀಕ್ಷೆಗಳು ಹೆಚ್ಚಿನ ಸುಳಿವು ಕೊಡುತ್ತವೆ. ಒಂದು ಎಎಂಎಚ್ ಎಂಬ ರಕ್ತಪರೀಕ್ಷೆ: ಸುಮಾರು 3.4 ನ್ಯಾನೊಗ್ರಾಂಗಿಂತ ಮೇಲಿದ್ದರೆ ಎಚ್ಚರಿಕೆ ಬೇಕು. ಕೆಲವು ಲ್ಯಾಬ್‌ಗಳು ಇದನ್ನು ಪಿಕೊಮೋಲ್‌ನಲ್ಲಿ ಕೊಡುತ್ತವೆ, ಆಗ ಅದೇ ಅಂಕಿ 24 ಆಗುತ್ತದೆ. ಯಾವ ಅಳತೆ ಎಂದು ನೋಡದೆ ಗಾಬರಿಯಾಗಬೇಡಿ, ನಿಶ್ಚಿಂತೆಯಿಂದಲೂ ಇರಬೇಡಿ. ಇನ್ನೊಂದು ಸ್ಕ್ಯಾನ್: ಮುಟ್ಟಿನ ಆರಂಭದ ದಿನಗಳಲ್ಲಿ ಎರಡೂ ಅಂಡಾಶಯಗಳಲ್ಲಿ ಕಾಣುವ ಪುಟ್ಟ ಫಾಲಿಕಲ್‌ಗಳ ಒಟ್ಟು ಲೆಕ್ಕ 24ನ್ನು ದಾಟಿದರೆ ಅಪಾಯದ ಗುಂಪು. ಪಿಸಿಓಎಸ್ (ಅಂಡಾಶಯದಲ್ಲಿ ಪುಟ್ಟ ಫಾಲಿಕಲ್‌ಗಳು ತುಂಬಿ ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇರುವವರು, ಚಿಕ್ಕ ವಯಸ್ಸಿನವರು, ತೆಳ್ಳಗಿನ ಮೈಕಟ್ಟಿನವರು, ಹಿಂದೊಮ್ಮೆ ಓಎಚ್‌ಎಸ್‌ಎಸ್ ಆದವರು ಇದೇ ಸಾಲಿಗೆ ಸೇರುತ್ತಾರೆ. ಅಂಡಾಣು ದಾನಿಗಳೂ ಹೌದು. ಅವರು ಸಾಮಾನ್ಯವಾಗಿ ಎಳೆಯರು, ಅಂಡಾಶಯ ಚುರುಕಾಗಿರುತ್ತದೆ. ಆದರೆ ದಾನಿ ಬಸಿರಾಗುವುದಿಲ್ಲವಾದ್ದರಿಂದ ಎರಡನೆಯ ಕಾಲದ ಅಪಾಯ ಅವರಿಗಿಲ್ಲ.

ಈ ಯಾವ ಗುರುತೂ ಇಲ್ಲದವರಿಗೂ ಓಎಚ್‌ಎಸ್‌ಎಸ್ ಆಗುವುದುಂಟು. ಆದ್ದರಿಂದ ಮುಂದೆ ಹೇಳುವ ಮನೆಯ ನಿಗಾ ಎಲ್ಲರಿಗೂ ಅನ್ವಯಿಸುತ್ತದೆ.

ಮೊದಲ ಇಂಜೆಕ್ಷನ್‌ಗೆ ಮುಂಚೆ

ಫಾಲಿಕಲ್‌ಗಳು ಬೆಳೆಯುತ್ತಿರುವಾಗ ಅಂಡಾಣು ಅವಧಿಗೆ ಮುನ್ನ ಬಿಡುಗಡೆಯಾಗಬಾರದು. ಅದನ್ನು ತಡೆಯಲು ಎರಡು ಮುಖ್ಯ ಪದ್ಧತಿಗಳಿವೆ. ಹಳೆಯದು ಅಗೋನಿಸ್ಟ್ ಪದ್ಧತಿ, ಲಾಂಗ್ ಪ್ರೋಟೋಕಾಲ್ ಎಂದೂ ಕರೆಯುತ್ತಾರೆ: ಹಿಂದಿನ ಋತುಚಕ್ರದಿಂದಲೇ ಲ್ಯುಪ್ರೊಲೈಡ್ ಅಥವಾ ಬಸೆರೆಲಿನ್ ಕೊಟ್ಟು, ಎಲ್‌ಎಚ್ ಬಿಡುಗಡೆ ಮಾಡುವ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸುವುದು. ಹೊಸದು ಆಂಟಗೋನಿಸ್ಟ್ ಪದ್ಧತಿ: ಎಫ್‌ಎಸ್‌ಎಚ್ ಶುರುವಾದ ಐದನೆಯ ಅಥವಾ ಆರನೆಯ ದಿನದಿಂದ ದಿನಕ್ಕೆ 0.25 ಮಿಲಿಗ್ರಾಂ ಸೆಟ್ರೊರೆಲಿಕ್ಸ್ ಅಥವಾ ಗ್ಯಾನಿರೆಲಿಕ್ಸ್.

ಅಪಾಯದ ಗುಂಪಿನವರಿಗೆ ಆಂಟಗೋನಿಸ್ಟ್ ಪದ್ಧತಿಯೇ ಸರಿ. ಅದರಲ್ಲಿ ಓಎಚ್‌ಎಸ್‌ಎಸ್ ಪ್ರಮಾಣ ಕಡಿಮೆ, ಮಗು ಹುಟ್ಟುವ ಸಾಧ್ಯತೆ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಕೊನೆಯಲ್ಲಿ ಎಚ್‌ಸಿಜಿ ಬಿಟ್ಟು ಬೇರೆ ಟ್ರಿಗರ್ ಕೊಡುವ ದಾರಿ ತೆರೆದಿರುತ್ತದೆ. ಲಾಂಗ್ ಪ್ರೋಟೋಕಾಲ್‌ನಲ್ಲಿ ಆ ಬಾಗಿಲು ಮುಚ್ಚಿಹೋಗಿರುತ್ತದೆ. ಪಿಟ್ಯುಟರಿ ಆಗಲೇ ಬರಿದಾಗಿರುವುದರಿಂದ ಎಲ್‌ಎಚ್ ಹೊರಬರುವುದೇ ಇಲ್ಲ. ಆಂಟಗೋನಿಸ್ಟ್ ಬದಲು ಪ್ರೊಜೆಸ್ಟೆರಾನ್ ಜಾತಿಯ ಮಾತ್ರೆ ಕೊಡುವ ಪದ್ಧತಿಯೂ ಈಗ ಬಳಕೆಯಲ್ಲಿದೆ. ಅದರಲ್ಲೂ ಬಾಗಿಲು ತೆರೆದೇ ಇರುತ್ತದೆ, ಆದರೆ ಭ್ರೂಣಗಳನ್ನು ಕಡ್ಡಾಯವಾಗಿ ಫ್ರೀಜ್ ಮಾಡಬೇಕು.

ಡೋಸ್ ವಿಷಯ. ಚುರುಕು ಅಂಡಾಶಯದವರಿಗೆ ದಿನಕ್ಕೆ 100ರಿಂದ 150 ಯೂನಿಟ್ ಎಫ್‌ಎಸ್‌ಎಚ್‌ನಿಂದ ಆರಂಭಿಸುವುದು ರೂಢಿ. ಎಎಂಎಚ್ 6 ಇರುವವರಿಗೆ 225 ಅಥವಾ 300 ಬರೆದಿದ್ದರೆ ಕಾರಣ ಕೇಳಿ. ಹೆಚ್ಚು ಅಂಡಾಣು ಬಂದಷ್ಟೂ ಒಳ್ಳೆಯದು ಎಂಬ ಆಸೆ ಸಹಜ, ಆದರೆ ಒಂದು ಮಿತಿಯ ಆಚೆ ಹೆಚ್ಚುವ ಅಂಡಾಣುಗಳಿಂದ ಸಿಗುವ ಲಾಭಕ್ಕಿಂತ ಅಪಾಯವೇ ವೇಗವಾಗಿ ಏರುತ್ತದೆ. ತೂಕ ಹೆಚ್ಚಿರುವ ಪಿಸಿಓಎಸ್ ಮಹಿಳೆಯರಲ್ಲಿ ಕಡಿಮೆ ಡೋಸ್‌ಗೆ ಮೊದಲ ಕೆಲವು ದಿನ ಏನೂ ಬೆಳವಣಿಗೆ ಕಾಣದೆ, ಡೋಸ್ ಏರಿಸಿದ ಕೂಡಲೇ ಎಲ್ಲವೂ ಒಟ್ಟಿಗೆ ಮೇಲೇಳುವುದುಂಟು. ಅಂಥವರಲ್ಲಿ ಅವಸರಪಟ್ಟು ಏರಿಸುವುದಕ್ಕಿಂತ ಎರಡು ಮೂರು ದಿನ ತಾಳುವುದು ಸುರಕ್ಷಿತ.

ಪಿಸಿಓಎಸ್ ಇರುವವರಿಗೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ವಾಡಿಕೆಯಿದೆ. ಲಾಂಗ್ ಪ್ರೋಟೋಕಾಲ್‌ನಲ್ಲಿ ಅದರಿಂದ ಓಎಚ್‌ಎಸ್‌ಎಸ್ ಕಡಿಮೆಯಾದದ್ದು ಕಂಡಿದೆ. ಆಂಟಗೋನಿಸ್ಟ್ ಪದ್ಧತಿಯಲ್ಲಿ ಅಂಥ ಲಾಭ ಸ್ಪಷ್ಟವಾಗಿಲ್ಲ. ಬೇರೆ ಕಾರಣಕ್ಕೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಿ.

ಶುರುವಾಗುವ ಮುಂಚೆಯೇ ಒಂದು ರಕ್ತಪರೀಕ್ಷೆ ಮಾಡಿಸಿಟ್ಟುಕೊಳ್ಳಿ: ಹಿಮೋಗ್ಲೋಬಿನ್, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡ ಪಾಲು; ವರದಿಯಲ್ಲಿ ಪಿಸಿವಿ ಎಂದೂ ಇರುತ್ತದೆ), ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್. ಮುಂದೆ ಹೊಟ್ಟೆ ಉಬ್ಬಿದಾಗ ಹೋಲಿಸಿ ನೋಡಲು ಇದು ಬೇಕು. ಹೆಮಟೊಕ್ರಿಟ್ 45 ದಾಟಿದರೆ ತೀವ್ರ ಎಂದು ಪುಸ್ತಕ ಹೇಳುತ್ತದೆ. ಆದರೆ ರಕ್ತಹೀನತೆಯಿಂದ 32ರಲ್ಲಿದ್ದವರು 41ಕ್ಕೆ ಏರಿದರೆ, 45 ಮುಟ್ಟದಿದ್ದರೂ, ಬಹಳಷ್ಟು ನೀರು ಸೋರಿಹೋಗಿದೆ ಎಂದರ್ಥ. ಮೊದಲಿನ ಅಂಕಿ ಕೈಯಲ್ಲಿಲ್ಲದಿದ್ದರೆ ಇದು ಯಾರ ಗಮನಕ್ಕೂ ಬರುವುದಿಲ್ಲ.

ಜೊತೆಗೆ, ನಿಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಇತಿಹಾಸವಿದ್ದರೆ ಕೇಳದಿದ್ದರೂ ಹೇಳಿ.

ಸ್ಕ್ಯಾನ್ ದಿನಗಳಲ್ಲಿ ಏನು ನೋಡಬೇಕು

ಇಂಜೆಕ್ಷನ್ ಶುರುವಾದ ಐದಾರು ದಿನಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ದಿನಕ್ಕೊಮ್ಮೆ, ಕೊನೆಗೆ ಕೆಲವೊಮ್ಮೆ ದಿನವೂ. ಪ್ರತಿ ಸಲ ಎರಡು ಸಂಗತಿ ಬರೆದಿಟ್ಟುಕೊಳ್ಳಿ: 11 ಮಿಲಿಮೀಟರ್‌ಗಿಂತ ದೊಡ್ಡ ಫಾಲಿಕಲ್‌ಗಳು ಎಷ್ಟು, ರಕ್ತದಲ್ಲಿ ಎಸ್ಟ್ರಡಿಯಾಲ್ (ಫಾಲಿಕಲ್‌ಗಳು ತಯಾರಿಸುವ ಹಾರ್ಮೋನ್) ಎಷ್ಟು. ಟ್ರಿಗರ್ ದಿನ ಅಂಥ ಫಾಲಿಕಲ್ 18 ಅಥವಾ ಹೆಚ್ಚಿದ್ದರೆ ಅಪಾಯ ಏರಿದೆ ಎಂದು ಲೆಕ್ಕ. ಎಸ್ಟ್ರಡಿಯಾಲ್ 3500 ಪಿಕೊಗ್ರಾಂ ದಾಟಿದರೂ ಹಾಗೆಯೇ. ಎರಡರಲ್ಲಿ ಫಾಲಿಕಲ್ ಸಂಖ್ಯೆಯನ್ನೇ ಹೆಚ್ಚು ನಂಬಬೇಕು. ಚಿಕಿತ್ಸೆಯ ಜೊತೆಗೆ ಲೆಟ್ರೊಜೋಲ್ ಮಾತ್ರೆ ಇದ್ದರಂತೂ ಎಸ್ಟ್ರಡಿಯಾಲ್ ಔಷಧಿಯ ಕಾರಣದಿಂದಲೇ ಕೆಳಗಿರುತ್ತದೆ. ಫಾಲಿಕಲ್ 30 ಇದ್ದೂ ಎಸ್ಟ್ರಡಿಯಾಲ್ ಕಡಿಮೆ ಕಂಡು ಎಲ್ಲ ಸರಿಯಿದೆ ಎಂದುಕೊಳ್ಳುವುದು ಇಲ್ಲಿ ನಡೆಯುವ ಸಾಮಾನ್ಯ ತಪ್ಪು.

ಸಂಖ್ಯೆ ಮಿತಿಮೀರುತ್ತಿದೆ ಎಂದು ಕಂಡಾಗ ಡೋಸ್ ಇಳಿಸುವುದು ಮೊದಲ ಕ್ರಮ. ಎಫ್‌ಎಸ್‌ಎಚ್ ಪೂರ್ತಿ ನಿಲ್ಲಿಸಿ ಕಾಯುವುದಕ್ಕೆ ಕೋಸ್ಟಿಂಗ್ ಎನ್ನುತ್ತಾರೆ. ಆಗ ಆಂಟಗೋನಿಸ್ಟ್ ಮಾತ್ರ ಮುಂದುವರಿಯಬೇಕು; ಎರಡನ್ನೂ ನಿಲ್ಲಿಸಿದರೆ ಅಂಡಾಣುಗಳು ಕೈತಪ್ಪುತ್ತವೆ. ಕೋಸ್ಟಿಂಗ್ ಮೂರು ದಿನ ದಾಟಿದರೆ ಅಂಡಾಣುಗಳ ಸಂಖ್ಯೆಗೂ ಗುಣಕ್ಕೂ ಪೆಟ್ಟು. ಲಾಂಗ್ ಪ್ರೋಟೋಕಾಲ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದೊಂದು ಆಸರೆ. ಆಂಟಗೋನಿಸ್ಟ್ ಪದ್ಧತಿಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಟ್ರಿಗರ್ ಬದಲಿಸುವುದು. ನೀವಾಗಿಯೇ ಡೋಸ್ ಕಡಿಮೆ ಮಾಡುವುದು, ಒಂದು ದಿನ ಬಿಡುವುದು ಮಾತ್ರ ಬೇಡ.

ಟ್ರಿಗರ್: ಎಲ್ಲಕ್ಕಿಂತ ದೊಡ್ಡ ತೀರ್ಮಾನ

ಆಂಟಗೋನಿಸ್ಟ್ ಪದ್ಧತಿಯಲ್ಲಿ ಎಚ್‌ಸಿಜಿ ಬದಲು ಅಗೋನಿಸ್ಟ್ ಟ್ರಿಗರ್ ಕೊಡಬಹುದು. ಟ್ರಿಪ್ಟೊರೆಲಿನ್ ಆದರೆ ಸಾಮಾನ್ಯವಾಗಿ 0.2 ಮಿಲಿಗ್ರಾಂ, ಲ್ಯುಪ್ರೊಲೈಡ್ ಆದರೆ 1ರಿಂದ 4 ಮಿಲಿಗ್ರಾಂ, ಚರ್ಮದಡಿಯ ಇಂಜೆಕ್ಷನ್. ದಿನಗಟ್ಟಲೆ ಕೊಟ್ಟರೆ ಪಿಟ್ಯುಟರಿಯನ್ನು ಸುಮ್ಮನಾಗಿಸುವ ಇದೇ ಜಾತಿಯ ಔಷಧಿ, ಟ್ರಿಗರ್ ಆಗಿ ಒಮ್ಮೆ ಕೊಟ್ಟಾಗ ನಿಮ್ಮದೇ ಪಿಟ್ಯುಟರಿಯಿಂದ ಎಲ್‌ಎಚ್ ಹೊರಹೊಮ್ಮಿಸುತ್ತದೆ. ಅಂಡಾಣು ಪಕ್ವವಾಗಲು ಆ ಅಲೆ ಸಾಕು. ಒಂದೂವರೆ ದಿನದೊಳಗೆ ಅದು ಇಳಿದೂ ಹೋಗುತ್ತದೆ. ವಿಇಜಿಎಫ್ ಸುರಿಸುವ ಅಂಗಾಂಶ ಬಹುಬೇಗ ಬಾಡುತ್ತದೆ. ಅಂಡಾಣು ತೆಗೆದ ಒಂದು ವಾರದೊಳಗೆ ಹೆಚ್ಚಿನವರಿಗೆ ಮುಟ್ಟು ಬಂದು ಹೊಟ್ಟೆ ಹಗುರವಾಗುತ್ತದೆ.

ಓಎಚ್‌ಎಸ್‌ಎಸ್ ತಡೆಯಲು ಇಷ್ಟು ಪರಿಣಾಮಕಾರಿಯಾದ ಕ್ರಮ ಇನ್ನೊಂದಿಲ್ಲ. ಆಂಟಗೋನಿಸ್ಟ್ ಪದ್ಧತಿ, ಅಗೋನಿಸ್ಟ್ ಟ್ರಿಗರ್, ಎಲ್ಲ ಭ್ರೂಣಗಳ ಫ್ರೀಜಿಂಗ್: ಈ ಮೂರನ್ನೂ ಜೋಡಿಸಿದರೆ ಓಎಚ್‌ಎಸ್‌ಎಸ್ ಇಲ್ಲದ ಕ್ಲಿನಿಕ್ ಸಾಧ್ಯ ಎಂಬ ವಾದವನ್ನು ಬೆಲ್ಜಿಯಂನ ಪಾಲ್ ಡೆವ್ರೋಯ್ ಮತ್ತು ಸಂಗಡಿಗರು 2011ರಲ್ಲೇ ಮಂಡಿಸಿದರು. ಪೂರ್ತಿ ಸೊನ್ನೆ ಎನ್ನಲಾಗದು, ಮೂರನ್ನೂ ಪಾಲಿಸಿದ ಮೇಲೂ ತೀವ್ರ ಓಎಚ್‌ಎಸ್‌ಎಸ್ ಆದ ಅಪರೂಪದ ಉದಾಹರಣೆಗಳಿವೆ. ಆದರೂ ಅಪಾಯದ ಗುಂಪಿನವರಿಗೆ ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಲು ಬಲವಾದ ಕಾರಣ ಇರಬೇಕು.

ಇಲ್ಲಿ ಎಡವುವ ಜಾಗಗಳು ಕೆಲವಿವೆ.

ಮೊದಲನೆಯದು, ಪಿಟ್ಯುಟರಿಯೇ ಸ್ಪಂದಿಸದಿರುವುದು. ಬಹಳ ಕಡಿಮೆ ತೂಕ, ಅತಿಯಾದ ವ್ಯಾಯಾಮ ಅಥವಾ ಮಿದುಳಿನ ಹಂತದ ಹಾರ್ಮೋನ್ ಕೊರತೆಯಿಂದ ಮುಟ್ಟು ನಿಂತವರಲ್ಲಿ, ಎಲ್‌ಎಚ್ ಮೊದಲಿನಿಂದಲೇ ತೀರ ತಗ್ಗಿರುವವರಲ್ಲಿ ಹೀಗಾಗುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಂಡು ಆಗಷ್ಟೇ ನಿಲ್ಲಿಸಿದವರಲ್ಲೂ ಆಗಬಹುದು. ಅಂಡಾಣು ತೆಗೆಯಲು ಹೋದರೆ ಫಾಲಿಕಲ್‌ಗಳಲ್ಲಿ ಏನೂ ಸಿಗುವುದಿಲ್ಲ. ಅನುಮಾನವಿದ್ದರೆ ಟ್ರಿಗರ್ ಆದ ಸುಮಾರು 12 ಗಂಟೆಗೆ ಎಲ್‌ಎಚ್ ಪರೀಕ್ಷಿಸಬೇಕು. 15 ಯೂನಿಟ್‌ಗಿಂತ ಕೆಳಗಿದ್ದರೆ ಅಲೆ ಸಾಲದಾಗಿದೆ. ಅಂಡಾಣು ತೆಗೆಯುವುದನ್ನು ಮುಂದೂಡಿ ಮತ್ತೆ ಟ್ರಿಗರ್ ಕೊಡುವ ಅವಕಾಶ ಆಗ ಉಳಿದಿರುತ್ತದೆ.

ಎರಡನೆಯದು, ಡ್ಯುಯಲ್ ಟ್ರಿಗರ್. ಅಗೋನಿಸ್ಟ್ ಜೊತೆ ಸ್ವಲ್ಪ ಎಚ್‌ಸಿಜಿ, ಉದಾಹರಣೆಗೆ 1000 ಅಥವಾ 1500 ಯೂನಿಟ್, ಸೇರಿಸಿ ಕೊಡುವ ರೂಢಿಯಿದೆ. ಪ್ರಮಾಣ ಚಿಕ್ಕದು ಎನಿಸುತ್ತದೆ, ಆದರೆ ಯಾವುದನ್ನು ತಪ್ಪಿಸಲು ಹೊರಟೆವೋ ಅದನ್ನೇ ಮತ್ತೆ ಒಳಗೆ ಬಿಟ್ಟಂತೆ. ಫಾಲಿಕಲ್ 25 ಇರುವವರಲ್ಲಿ ಇದು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಹಾಗೆಯೇ ಎಚ್‌ಸಿಜಿಯನ್ನು 10,000ದಿಂದ 5,000ಕ್ಕೆ ಇಳಿಸಿದರೆ ಸುರಕ್ಷಿತ ಎಂಬ ನಂಬಿಕೆಗೂ ಗಟ್ಟಿ ಆಧಾರವಿಲ್ಲ.

ಮೂರನೆಯದು ತೀರ ಸಾಮಾನ್ಯ, ತೀರ ದುಬಾರಿ: ತಪ್ಪು ಔಷಧಿ. ಟ್ರಿಗರ್ ಇಂಜೆಕ್ಷನ್ ರಾತ್ರಿ ಹೊತ್ತು ಮನೆಯಲ್ಲೇ ಆಗುವುದು ಹೆಚ್ಚು, ಅಂಡಾಣು ತೆಗೆಯುವ ಸುಮಾರು 36 ಗಂಟೆ ಮುಂಚೆ. ಫ್ರಿಜ್‌ನಲ್ಲಿ ಆಂಟಗೋನಿಸ್ಟ್ ಸಿರಿಂಜ್, ಎಫ್‌ಎಸ್‌ಎಚ್ ಪೆನ್, ಟ್ರಿಗರ್ ಎಲ್ಲ ಒಂದೇ ಡಬ್ಬಿಯಲ್ಲಿರುತ್ತವೆ. ಹಗಲಿನಲ್ಲೇ ಆ ರಾತ್ರಿಯ ಔಷಧಿಯನ್ನು ಬೇರೆ ತೆಗೆದಿಡಿ. ಪೆಟ್ಟಿಗೆಯ ಮೇಲಿನ ಔಷಧಿಯ ಹೆಸರನ್ನು ಚೀಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ, ಫೋಟೋ ತೆಗೆದು ಕ್ಲಿನಿಕ್‌ಗೆ ಕಳಿಸಿ ಖಚಿತಪಡಿಸಿಕೊಳ್ಳಿ. ಟ್ರಿಪ್ಟೊರೆಲಿನ್ 0.1 ಮಿಲಿಗ್ರಾಂ ಸಿರಿಂಜ್‌ಗಳಲ್ಲಿ ಬಂದಿದ್ದರೆ 0.2ಕ್ಕೆ ಎರಡು ಬೇಕು. ಒಂದೇ ಚುಚ್ಚಿಕೊಂಡು ಮಲಗಿಬಿಡುವುದು ಸುಲಭ. ಅದೇ ಔಷಧಿ ತಿಂಗಳ ಡಿಪೋ ರೂಪದಲ್ಲೂ 3.75 ಮಿಲಿಗ್ರಾಂ ಎಂದು ಸಿಗುತ್ತದೆ, ಅದು ಬೇರೆ ಕೆಲಸಕ್ಕೆ ಇರುವ ಔಷಧಿ. ಚುಚ್ಚಿಕೊಂಡ ಗಂಟೆ, ನಿಮಿಷ ಬರೆದಿಡಿ. ತಡವಾದರೆ ಮುಚ್ಚಿಡದೆ ತಕ್ಷಣ ತಿಳಿಸಿ. ಅಂಡಾಣು ತೆಗೆಯುವ ಸಮಯವನ್ನು ಹೊಂದಿಸಬಹುದು.

ಈಗಲೇ ಭ್ರೂಣ ಬಿಡುವುದೋ, ಫ್ರೀಜ್ ಮಾಡುವುದೋ

ಅಗೋನಿಸ್ಟ್ ಟ್ರಿಗರ್ ಕೊಟ್ಟ ಸುತ್ತಿನಲ್ಲೇ ಭ್ರೂಣ ಬಿಟ್ಟರೆ ಬಸಿರು ನಿಲ್ಲುವ ಸಾಧ್ಯತೆ ತಗ್ಗುತ್ತದೆ. ಗರ್ಭಕೋಶಕ್ಕೆ ಆಸರೆಯಾಗಬೇಕಾದ ಹಾರ್ಮೋನ್‌ಗಳೂ ಬೇಗ ಇಳಿದುಹೋಗುವುದೇ ಕಾರಣ. ಜೊತೆಗೆ, ಬಸಿರು ನಿಂತರೆ ಎರಡನೆಯ ಕಾಲದ ಓಎಚ್‌ಎಸ್‌ಎಸ್‌ಗೆ ದಾರಿ. ಆದ್ದರಿಂದ ಎಲ್ಲ ಭ್ರೂಣಗಳನ್ನೂ ಫ್ರೀಜ್ ಮಾಡಿ, ಅಂಡಾಶಯ ಮಾಮೂಲಿಗೆ ಮರಳಿದ ಮೇಲೆ ಒಂದನ್ನು ಬಿಡುವುದು ಒಳ್ಳೆಯದು.

ಫ್ರೀಜ್ ಮಾಡಿದರೆ ಅವಕಾಶ ಕೈತಪ್ಪುತ್ತದೆಯೇ ಎಂಬ ಆತಂಕ ಬಹಳ ದಂಪತಿಗಳಿಗಿದೆ. ಪಿಸಿಓಎಸ್ ಇರುವ 1508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ನೇರ ಉತ್ತರ ಕೊಡುತ್ತದೆ. ಫ್ರೀಜ್ ಮಾಡಿದ ಗುಂಪಿನಲ್ಲಿ ಮೊದಲ ಭ್ರೂಣ ವರ್ಗಾವಣೆಯಿಂದ ಮಗು ಹುಟ್ಟಿದ್ದು 49.3 ಶೇಕಡ, ತಾಜಾ ಬಿಟ್ಟವರಲ್ಲಿ 42. ಓಎಚ್‌ಎಸ್‌ಎಸ್ 1.3 ಶೇಕಡ, ತಾಜಾ ಗುಂಪಿನಲ್ಲಿ 7.1. ಅದೇ ಅಧ್ಯಯನದಲ್ಲಿ ಬಸಿರಿನ ರಕ್ತದೊತ್ತಡದ ತೊಂದರೆಯಾದ ಪ್ರಿಎಕ್ಲಾಂಪ್ಸಿಯಾ ಫ್ರೀಜ್ ಗುಂಪಿನಲ್ಲಿ ಹೆಚ್ಚಿತ್ತು, 4.4 ಶೇಕಡ, ಇನ್ನೊಂದರಲ್ಲಿ 1.4. ಹಾಗಾಗಿ ಫ್ರೀಜ್ ಭ್ರೂಣದಿಂದ ಬಸಿರಾದವರು ಬಿಪಿ ತಪಾಸಣೆಯನ್ನು ತಪ್ಪಿಸಬಾರದು.

ಯಾವುದೋ ಕಾರಣಕ್ಕೆ ತಾಜಾ ವರ್ಗಾವಣೆಯೇ ಆಗುವುದಾದರೆ ಒಂದೇ ಭ್ರೂಣ ಬಿಡಲಿ. ಅವಳಿಯಾದರೆ ಎಚ್‌ಸಿಜಿ ಇನ್ನಷ್ಟು ಏರುತ್ತದೆ, ಓಎಚ್‌ಎಸ್‌ಎಸ್ ಕೂಡ. ಆಮೇಲಿನ ಹಾರ್ಮೋನ್ ಆಸರೆಗೆ ಪ್ರೊಜೆಸ್ಟೆರಾನ್ ಸಾಕು. ಎಚ್‌ಸಿಜಿ ಇಂಜೆಕ್ಷನ್ ಬಳಸಬಾರದು.

ಪೂರಕ ಔಷಧಿಗಳು

ಕ್ಯಾಬರ್ಗೊಲಿನ್ ವಿಇಜಿಎಫ್‌ನ ಕೆಲಸಕ್ಕೆ ಅಡ್ಡಹಾಕುತ್ತದೆ. ಟ್ರಿಗರ್ ದಿನದಿಂದ ಶುರುಮಾಡಿ ದಿನಕ್ಕೆ 0.5 ಮಿಲಿಗ್ರಾಂನಂತೆ ಒಂದು ವಾರ, ಎಂಟು ದಿನ. ಹೊಟ್ಟೆ ಉಬ್ಬಿದ ಮೇಲೆ ಶುರುಮಾಡಿದರೆ ಮುನ್ನೆಚ್ಚರಿಕೆಯ ಲಾಭ ಸಿಗುವುದಿಲ್ಲ. ರಾತ್ರಿ ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ, ತಲೆಸುತ್ತು ಕಡಿಮೆ. ಬೆಳಿಗ್ಗೆ ಹಾಸಿಗೆಯಿಂದ ಒಮ್ಮೆಲೇ ಏಳದೆ ಸ್ವಲ್ಪ ಕೂತು ಏಳಿ. ಹೃದಯದ ಕವಾಟದ ಕಾಯಿಲೆ ಇರುವವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಇದು ಸಲ್ಲದು. ಮಾನಸಿಕ ಕಾಯಿಲೆಗೆ ಔಷಧಿ ನಡೆಯುತ್ತಿದ್ದರೆ ಮೊದಲೇ ಹೇಳಿ. ಇದು ಸಹಾಯಕ ಮಾತ್ರ. ಎಚ್‌ಸಿಜಿ ಕೊಟ್ಟು, ತಾಜಾ ಭ್ರೂಣವನ್ನೂ ಬಿಟ್ಟು, ಕ್ಯಾಬರ್ಗೊಲಿನ್ ಇದೆಯಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ.

ಪ್ರೋಟೀನ್ ಪುಡಿ, ಪ್ರೋಟೀನ್ ಹೆಚ್ಚಿರುವ ಊಟ ಓಎಚ್‌ಎಸ್‌ಎಸ್ ತಡೆಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ತಿಂದರೆ ತೊಂದರೆಯಿಲ್ಲ, ಆದರೆ ಅದು ತಡೆಯುತ್ತದೆ ಎನ್ನಲು ಪುರಾವೆ ಇಲ್ಲ.

ಅಂಡಾಣು ತೆಗೆದ ನಂತರ ಮನೆಯಲ್ಲಿ

ಬೇಕಾದದ್ದು ತೂಕದ ಯಂತ್ರ, ಬಟ್ಟೆ ಅಳೆಯುವ ಟೇಪು, ಮಿಲಿಲೀಟರ್ ಗುರುತಿರುವ ಒಂದು ಜಗ್, ಒಂದು ಪುಸ್ತಕ. ಅಂಡಾಣು ತೆಗೆಯುವ ದಿನದ ಬೆಳಿಗ್ಗೆಯೇ ಮೊದಲ ಅಳತೆ ಬರೆಯಿರಿ. ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದು, ಏನೂ ತಿನ್ನುವ ಮುಂಚೆ, ಒಂದೇ ಬಗೆಯ ತೆಳು ಬಟ್ಟೆಯಲ್ಲಿ ತೂಕ. ನಂತರ ಅಂಗಾತ ಮಲಗಿ, ಹೊಕ್ಕಳಿನ ಮೇಲೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗಿನ ಅಳತೆ. ನಿಂತು ಒಮ್ಮೆ, ಮಲಗಿ ಒಮ್ಮೆ ಅಳೆದರೆ ಲೆಕ್ಕ ಕೂಡುವುದಿಲ್ಲ. ಟೇಪು ಎಲ್ಲಿ ಕೂರಬೇಕು ಎಂಬುದಕ್ಕೆ ಹೊಕ್ಕಳಿನ ಎರಡೂ ಪಕ್ಕ ಪೆನ್ನಿನಿಂದ ಚುಕ್ಕೆ ಇಟ್ಟುಕೊಳ್ಳಬಹುದು. ಹೊಟ್ಟೆ ಬಿಗಿದಿದೆ ಎನಿಸಿದ ದಿನದಿಂದ ಮೂತ್ರವನ್ನೂ ಜಗ್‌ನಲ್ಲಿ ಅಳೆದು 24 ಗಂಟೆಯ ಮೊತ್ತ ಬರೆಯಿರಿ.

ಒಂದು ದಿನದಲ್ಲಿ ತೂಕ 1 ಕಿಲೋ ಏರಿದರೆ, ಸುತ್ತಳತೆ ದಿನದಿಂದ ದಿನಕ್ಕೆ ಹೆಚ್ಚುತ್ತಲೇ ಹೋದರೆ, ಮೂತ್ರ ದಿನಕ್ಕೆ 500 ಮಿಲಿಲೀಟರ್‌ಗಿಂತ ಕಡಿಮೆಯಾದರೆ ಅದೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿ. ನಾಳೆ ನೋಡೋಣ ಎನ್ನಬೇಡಿ. ಸೌಮ್ಯದಿಂದ ತೀವ್ರಕ್ಕೆ ತಿರುಗಲು ಒಂದೆರಡು ದಿನ ಸಾಕು.

ನೀರಿನ ವಿಷಯದಲ್ಲಿ ಎರಡೂ ಅತಿಗಳು ಕೆಟ್ಟವು. ಹೊಟ್ಟೆಯಲ್ಲಿ ನೀರು ತುಂಬಿದೆ ಎಂದು ಕುಡಿಯುವುದನ್ನು ಬಿಟ್ಟರೆ ರಕ್ತ ಇನ್ನಷ್ಟು ಗಟ್ಟಿ. ನಾಲ್ಕೈದು ಲೀಟರ್ ಬರೀ ನೀರು ಬಲವಂತವಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಬಾಯಾರಿಕೆಗೆ ತಕ್ಕಷ್ಟು, ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ದಿನಕ್ಕೆ ಒಂದು ಲೀಟರ್‌ಗಂತೂ ಕಡಿಮೆಯಾಗದಿರಲಿ, ಅದರಲ್ಲಿ ಒಂದು ಪಾಲು ಓಆರ್‌ಎಸ್‌ನಂಥ ಲವಣದ ದ್ರಾವಣ ಇರಲಿ. ಒಂದು ಲೀಟರ್ ಕುಡಿಯಲೂ ಆಗದಷ್ಟು ವಾಂತಿಯಾಗುತ್ತಿದ್ದರೆ ಅದೇ ಆಸ್ಪತ್ರೆಗೆ ಹೋಗಲು ಸಾಕಷ್ಟು ಕಾರಣ.

ನೋವಿಗೆ ಪ್ಯಾರಸಿಟಮಾಲ್ ಸರಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಜಾತಿಯ ಮಾತ್ರೆಗಳು ಬೇಡ, ಮೊದಲೇ ರಕ್ತ ಸಾಲದೆ ಒದ್ದಾಡುತ್ತಿರುವ ಮೂತ್ರಪಿಂಡಕ್ಕೆ ಅವು ಹೊಡೆತ. ಊತ ಇಳಿಯಲಿ ಎಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಯಾರೇ ಹೇಳಿದರೂ ನುಂಗಬೇಡಿ. ನೀರು ಇಳಿಯುವುದು ರಕ್ತನಾಳದಿಂದ, ಹೊಟ್ಟೆಯಿಂದಲ್ಲ.

ಉಬ್ಬಿದ ಅಂಡಾಶಯ ತನ್ನ ತೊಟ್ಟಿನ ಮೇಲೆ ತಿರುಚಿಕೊಳ್ಳಬಹುದು. ಓಟ, ಜಿಗಿತ, ಭಾರ ಎತ್ತುವುದು, ಲೈಂಗಿಕ ಸಂಪರ್ಕ ಅದು ಇಳಿಯುವ ತನಕ ಬೇಡ. ಹಾಗೆಂದು ಹಾಸಿಗೆ ಹಿಡಿಯಲೂಬಾರದು; ಗಟ್ಟಿ ರಕ್ತ ಮಲಗಿದವರ ಕಾಲಿನಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಮನೆಯೊಳಗೆ ಗಂಟೆಗೊಮ್ಮೆ ಓಡಾಡಿ, ಕೂತಾಗ ಪಾದ ಆಡಿಸುತ್ತಿರಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಮಲಗಿದರೆ ಉಸಿರು ಕಟ್ಟುವುದು, ಎದೆನೋವು. ಒಂದು ಕಾಲಿನ ಮೀನಖಂಡ ಊದಿ ನೋಯುವುದು. ಕುತ್ತಿಗೆಯ ಒಂದು ಪಕ್ಕ ಅಥವಾ ಒಂದು ತೋಳು ಊದುವುದು: ಓಎಚ್‌ಎಸ್‌ಎಸ್‌ನಲ್ಲಿ ಹೆಪ್ಪು ಮೈಯ ಮೇಲ್ಭಾಗದಲ್ಲೂ ಕಟ್ಟುತ್ತದೆ, ಇದನ್ನು ಉಳುಕು ಎಂದು ತಿಳಿದು ಕಾಲ ಕಳೆಯುವವರಿದ್ದಾರೆ. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಎದ್ದರೆ ಕಣ್ಣು ಕತ್ತಲಿಟ್ಟು ಬೀಳುವುದು. ಹೊಟ್ಟೆಯ ಒಂದು ಪಕ್ಕ ಇದ್ದಕ್ಕಿದ್ದಂತೆ ಹಿಂಡುವ ನೋವು, ಜೊತೆಗೆ ವಾಂತಿ. ಜ್ವರ. ಮೂತ್ರ ಹೆಚ್ಚುಕಡಿಮೆ ನಿಂತೇಹೋಗುವುದು.

ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಬಾಯಿಬಿಟ್ಟು ಹೇಳಿ: ಐವಿಎಫ್ ನಡೆಯುತ್ತಿದೆ, ಇಂಥ ದಿನ ಇಂಥ ಟ್ರಿಗರ್, ಇಂಥ ದಿನ ಇಷ್ಟು ಅಂಡಾಣು ತೆಗೆದಿದ್ದಾರೆ, ಓಎಚ್‌ಎಸ್‌ಎಸ್ ಇರಬಹುದು. ಇದನ್ನು ಕಾಣದ ವೈದ್ಯರು ಅಪೆಂಡಿಕ್ಸ್ ಎಂದೋ ಒಳಗಿನ ರಕ್ತಸ್ರಾವ ಎಂದೋ ಭಾವಿಸಿ ಶಸ್ತ್ರಚಿಕಿತ್ಸೆಗೆ ಮುಂದಾಗಬಹುದು. ಉಬ್ಬಿದ ಅಂಡಾಶಯ ಮುಟ್ಟಿದರೆ ರಕ್ತ ಸುರಿಸುತ್ತದೆ. ನಿಮ್ಮ ಕ್ಲಿನಿಕ್‌ನ ರಾತ್ರಿ ಹೊತ್ತಿನ ನಂಬರನ್ನು ಅವರ ಕೈಗೆ ಕೊಡಿ. ತೀವ್ರವಿದ್ದರೆ ಅಲ್ಲಿ ಹೆಪ್ಪು ತಡೆಯುವ ಹೆಪರಿನ್ ಜಾತಿಯ ಇಂಜೆಕ್ಷನ್ ಕೊಡುತ್ತಾರೆ, ರಕ್ತ ತೆಳುವಾಗುವಂತೆ ಅಳೆದು ದ್ರವ ಏರಿಸುತ್ತಾರೆ, ಉಸಿರಿಗೆ ಒತ್ತುತ್ತಿದ್ದರೆ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಹೊಟ್ಟೆಯ ನೀರು ತೆಗೆಯುತ್ತಾರೆ. ನೀರು ತೆಗೆದ ಕೂಡಲೇ ಉಸಿರೂ ಮೂತ್ರವೂ ಸರಾಗವಾಗುವುದು ಸಾಮಾನ್ಯ. ಬಸಿರಾಗದಿದ್ದರೆ ವಾರ ಹತ್ತು ದಿನದಲ್ಲಿ, ಮುಟ್ಟಿನೊಂದಿಗೆ ಇಳಿಯುತ್ತದೆ. ಬಸಿರಾಗಿದ್ದರೆ ಕೆಲವು ವಾರ ಹಿಡಿಯಬಹುದು, ಹೆಪರಿನ್ ಕೂಡ ಮುಂದುವರಿಯಬಹುದು.

ಐವಿಎಫ್ ಅಲ್ಲದವರಿಗೆ

ಅಂಡಾಣು ಬೆಳೆಸಲು ಲೆಟ್ರೊಜೋಲ್ ಅಥವಾ ಕ್ಲೋಮಿಫಿನ್ ಮಾತ್ರೆ ಮಾತ್ರ ತೆಗೆದುಕೊಳ್ಳುವವರಲ್ಲಿ ತೀವ್ರ ಓಎಚ್‌ಎಸ್‌ಎಸ್ ಅಪರೂಪ. ಐಯುಐಗಾಗಿ (ವೀರ್ಯವನ್ನು ನೇರ ಗರ್ಭಕೋಶದೊಳಕ್ಕೆ ಬಿಡುವ ಚಿಕಿತ್ಸೆ) ಎಫ್‌ಎಸ್‌ಎಚ್ ಇಂಜೆಕ್ಷನ್ ಕೊಡುವಾಗ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಇಲ್ಲಿ ಫಾಲಿಕಲ್‌ಗಳನ್ನು ಹೊರತೆಗೆಯುವುದಿಲ್ಲ, ಫ್ರೀಜ್ ಮಾಡಿಡುವ ದಾರಿಯೂ ಇಲ್ಲ. ದಿನಕ್ಕೆ 37.5ರಿಂದ 75 ಯೂನಿಟ್‌ನಿಂದ ಶುರುಮಾಡಿ, ಪಿಸಿಓಎಸ್ ಇದ್ದರೆ ಎರಡು ವಾರದವರೆಗೂ ಅದೇ ಡೋಸ್‌ನಲ್ಲಿ ಕಾದು, ಆಮೇಲೆ ಸ್ವಲ್ಪವೇ ಏರಿಸುವುದು ಸುರಕ್ಷಿತ ಕ್ರಮ. ದೊಡ್ಡ ಫಾಲಿಕಲ್ ಎರಡಕ್ಕಿಂತ ಹೆಚ್ಚಾದರೆ ಟ್ರಿಗರ್ ಕೊಡದೆ ಆ ಸುತ್ತನ್ನು ಕೈಬಿಟ್ಟು, ಲೈಂಗಿಕ ಸಂಪರ್ಕವನ್ನೂ ತಪ್ಪಿಸಬೇಕು. ಒಂದು ತಿಂಗಳು ಹೋಯಿತಲ್ಲ ಎಂಬ ಸಂಕಟ ನಿಜ, ಆದರೆ ತ್ರಿವಳಿ ಬಸಿರಿನ ಜೊತೆ ಓಎಚ್‌ಎಸ್‌ಎಸ್ ಸೇರಿದರೆ ತಾಯಿಗೂ ಮಕ್ಕಳಿಗೂ ಆಗುವ ಹಾನಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಒಮ್ಮೆ ಆಗಿದ್ದವರ ಮುಂದಿನ ಸುತ್ತು

ಕ್ಲಿನಿಕ್ ಬದಲಿಸಿದರೂ ಬದಲಿಸದಿದ್ದರೂ ಹಳೆಯ ಸುತ್ತಿನ ವಿವರ ಬರಹದಲ್ಲಿ ಪಡೆದುಕೊಳ್ಳಿ: ಯಾವ ಪದ್ಧತಿ, ದಿನವಾರು ಎಫ್‌ಎಸ್‌ಎಚ್ ಡೋಸ್, ಟ್ರಿಗರ್ ದಿನದ ಫಾಲಿಕಲ್ ಸಂಖ್ಯೆ ಮತ್ತು ಎಸ್ಟ್ರಡಿಯಾಲ್, ಟ್ರಿಗರ್ ಯಾವುದು ಎಷ್ಟು, ಅಂಡಾಣು ಎಷ್ಟು, ಹೆಮಟೊಕ್ರಿಟ್ ಎಲ್ಲಿಯವರೆಗೆ ಏರಿತು, ತೊಂದರೆ ಶುರುವಾದದ್ದು ಟ್ರಿಗರ್ ಆದ ಎಷ್ಟನೆಯ ದಿನ. ಫ್ರೀಜ್ ಮಾಡಿದ ಭ್ರೂಣ ಉಳಿದಿದ್ದರೆ ಹೊಸದಾಗಿ ಅಂಡಾಶಯ ಕೆರಳಿಸುವ ಅಗತ್ಯವೇ ಇಲ್ಲ. ಫ್ರೀಜ್ ಭ್ರೂಣ ಬಿಡುವ ಸುತ್ತಿನಲ್ಲಿ ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳು ಸಾಮಾನ್ಯವಾಗಿ ಇರುವುದಿಲ್ಲ, ಓಎಚ್‌ಎಸ್‌ಎಸ್ ಭಯವೂ ಇಲ್ಲ. ಹೊಸ ಸುತ್ತೇ ಬೇಕಾದರೆ ಹಳೆಯದಕ್ಕಿಂತ ಕಡಿಮೆ ಡೋಸ್, ಆಂಟಗೋನಿಸ್ಟ್ ಪದ್ಧತಿ, ಅಗೋನಿಸ್ಟ್ ಟ್ರಿಗರ್, ಎಲ್ಲ ಭ್ರೂಣಗಳ ಫ್ರೀಜಿಂಗ್: ಈ ನಾಲ್ಕೂ ಚಿಕಿತ್ಸಾ ಯೋಜನೆಯ ಹಾಳೆಯಲ್ಲಿ ಬರೆದಿರುವುದನ್ನು ಕಣ್ಣಾರೆ ನೋಡಿದ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.